ಅಜ್ಜನ ಜಪಾನ್ ಕತ್ತಿ ಹುಡುಕಿಕೊಂಡು

ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷ ಇದ್ದರೂ ಈ ಊರನ್ನು ನೋಡಿದ್ದೇನೆ ಎಂದು ಹೇಳಿಕೊಳ್ಳುವ ಹಾಗಿರಲಿಲ್ಲ. ಹಿಂಜೇವಾಡಿಯ ಆಫೀಸು, ಪಿಂಪಳೆ ಸೌದಾಗರದ ಫ್ಲಾಟು, ಅವೆರಡರ ನಡುವಿನ ಟ್ರಾಫಿಕ್ಕು, ಇಷ್ಟೇ. ಊರಿಂದ ನೆಂಟರು ಬಂದರೆ ಶನಿವಾರವಾಡೆ, ದಗಡೂಶೇಠ್ ಗಣಪತಿ, ಸಿಂಹಗಡ. ಅವರು ಹೊರಡುವಾಗ ಕೈಗೊಂದು ಕಿಲೋ ಬಾಕರವಡಿ. ಈ ವರ್ಷ ಮಾತ್ರ ಮಳೆಗಾಲದ ಎರಡು ತಿಂಗಳು ಹಳೇ ಪುಣೆಯ ಓಣಿ ಓಣಿ ಸುತ್ತಿದೆ. ಹುಡುಕುತ್ತಿದ್ದದ್ದು ಒಂದು ಜಪಾನೀ ಕತ್ತಿಯನ್ನು.

ನಗಬೇಡಿ, ಕಾರಣ ಹೇಳುತ್ತೇನೆ.

ನಮ್ಮ ಅವ್ವನ ತವರು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿ. ಅಜ್ಜ, ಅಂದರೆ ಅವ್ವನ ಅಪ್ಪ, ಮರಾಠಾ ಪಲ್ಟಣಿಯಲ್ಲಿ ಹವಾಲ್ದಾರನಾಗಿದ್ದವನು. ಊರಲ್ಲಿ ಅವನ ಹೆಸರೇ ‘ಜಪಾನ್ ಹವಾಲ್ದಾರ’. 2018ರಲ್ಲಿ ಪ್ರಾಜೆಕ್ಟಿನ ಮೇಲೆ ಮೂರು ತಿಂಗಳು ಟೋಕಿಯೋಗೆ ಹೋದಾಗ, ನಮ್ಮ ಮನೆತನದಲ್ಲಿ ಜಪಾನ್ ನೆಲ ತುಳಿದ ಮೊದಲಿಗ ನಾನೇ ಎಂದು ಬೀಗಿದ್ದೆ. ಅವ್ವ ಫೋನಿನಲ್ಲೇ ಗಾಳಿ ತೆಗೆದಿದ್ದಳು: “ನಿಮ್ಮಜ್ಜ ಹಡಗದಾಗ ಹೋಗಿ ಬಂದಾನ, ನೀ ಇಮಾನದಾಗ ಹೋಗೀದಿ, ಇಷ್ಟ ಫರಕು.”

ಆಗ ಓದಿ ತಿಳಿದುಕೊಂಡದ್ದು ಇದು. ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಬ್ರಿಟಿಷ್ ಕಾಮನ್‌ವೆಲ್ತ್ ಪಡೆಯ ಭಾಗವಾಗಿ 268ನೇ ಭಾರತೀಯ ಬ್ರಿಗೇಡ್ ಜಪಾನಿಗೆ ಹೋಯಿತು. ಅದರ ಮುಖ್ಯಸ್ಥರು ನಮ್ಮ ಕೊಡಗಿನ ಬ್ರಿಗೇಡಿಯರ್ ಕೆ.ಎಸ್. ತಿಮ್ಮಯ್ಯ. ಬ್ರಿಗೇಡಿನ ಮೂರು ಪಲ್ಟಣಿಗಳಲ್ಲಿ ಒಂದು ಮರಾಠಾ ಲೈಟ್ ಇನ್‌ಫೆಂಟ್ರಿಯ ಮೊದಲನೇ ಪಲ್ಟಣಿ. ಹಿಂದಿನ ವರ್ಷವಷ್ಟೇ ಇಟಲಿಯ ಸೇನಿಯೋ ನದಿಯ ದಂಡೆಯಲ್ಲಿ ಕಾದಾಡಿ, ಸಿಪಾಯಿ ನಾಮದೇವ ಜಾಧವರ ವಿಕ್ಟೋರಿಯಾ ಕ್ರಾಸ್ ಗಳಿಸಿದ ಪಲ್ಟಣಿ ಅದು. ಆ ಪಲ್ಟಣಿಯಲ್ಲಿ ಅಜ್ಜ ಇದ್ದ. ಜಪಾನಿನಲ್ಲಿ ಮನೆಮನೆಯಿಂದ, ಬರಾಕುಗಳಿಂದ ಆಯುಧಗಳನ್ನು ಒಪ್ಪಿಸಿಕೊಂಡು ರಾಶಿ ಹಾಕುತ್ತಿದ್ದ ಕಾಲ. 1947ರಲ್ಲಿ ಪಲ್ಟಣಿ ತಿರುಗಿ ಬಂದಾಗ ಅಜ್ಜನ ಟ್ರಂಕಿನಲ್ಲಿ ಅಂಥದೊಂದು ಕತ್ತಿ ಇತ್ತು.

ಆ ಕತ್ತಿಯಿಂದ ಅಜ್ಜ ಯಾರನ್ನೂ ಹೆದರಿಸಲಿಲ್ಲ, ಒಂದು ತೆಂಗಿನಕಾಯಿಯನ್ನೂ ಒಡೆಯಲಿಲ್ಲ. ವರ್ಷಕ್ಕೊಮ್ಮೆ ಖಂಡೇನವಮಿಗೆ ಹೊರಗೆ ತೆಗೆದು, ಎಣ್ಣೆ ಸವರಿ, ಕುಂಕುಮ ಹಚ್ಚಿ, ಕುಡ ಕುಡಗೋಲುಗಳ ಸಾಲಿನಲ್ಲಿ ಇಡುತ್ತಿದ್ದ. ಎಣ್ಣೆ ಸವರುವ ಕೆಲಸ ಅವ್ವನದು. ಮದುವೆಯಾದ ಮೇಲೂ ಆ ಹಬ್ಬಕ್ಕೆ ಹೋಗಿ ಸವರಿ ಬರುತ್ತಿದ್ದಳು. 1991ರಲ್ಲಿ ಅಜ್ಜ ತೀರಿಕೊಂಡ. 1994ರಲ್ಲಿ ಬಾವಿ ಬತ್ತಿತು; ಬೋರ್ ಹಾಕಿಸಲು ಮಾಮಾನ ಕೈಯಲ್ಲಿ ರೊಕ್ಕ ಇರಲಿಲ್ಲ. ಹಿತ್ತಾಳೆ ಕೊಡ, ಹಳೇ ಗಡಿಯಾರ ಕೊಳ್ಳುತ್ತ ಊರೂರು ತಿರುಗುವ ಪುಣೆಯ ವ್ಯಾಪಾರಿಯೊಬ್ಬ ಬಂದ. ಮಾಮಾ ಎರಡು ಹಂಡೆ, ಒಂದು ಪಂಚಪಾಳ, ಜೊತೆಗೆ ಆ ಕತ್ತಿಯನ್ನೂ ಕೊಟ್ಟುಬಿಟ್ಟ. ಕತ್ತಿಗೆ ಬಂದದ್ದು 1800 ರೂಪಾಯಿ.

ಅವ್ವನನ್ನು ಒಂದು ಮಾತು ಕೇಳಿರಲಿಲ್ಲ. ಆ ವರ್ಷದಿಂದ ಅವ್ವ ಪಂಚಮಿಗೆ ತವರಿಗೆ ಹೋಗಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗದೆ ಇರುವುದೆಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಜಗಳವಿಲ್ಲ, ಬೈಗುಳವಿಲ್ಲ. ಮದುವೆ ಮುಂಜಿಯಲ್ಲಿ ಎದುರಾದರೆ “ಊಟ ಆತೇನು?” “ಆತು.” ಮೂವತ್ತೊಂದು ವರ್ಷ ಇಷ್ಟೇ.

ಈ ಜೂನ್‌ನಲ್ಲಿ ಮಾಮಾ ಫೋನ್ ಮಾಡಿದ. ಹೃದಯದ ಆಪರೇಷನ್ ಆಗಿ ಮನೆಗೆ ಬಂದಿದ್ದ. ಅದು ಇದು ಮಾತಾಡಿ ಕೊನೆಗೆ, “ಆ ಕತ್ತಿ ನಾ ಮಾರಬಾರದಿತ್ತಪಾ. ಪುಣೇದಾಂವ ಒಯ್ದ. ನೀ ಪುಣೆದಾಗ ಅದೀ. ಒಮ್ಮೆ ನೋಡು. ಸಿಕ್ಕರ ರೊಕ್ಕ ನಾ ಕೊಡ್ತೀನಿ. ತಂಗಿ ಕೈಯಾಗ ಕೊಟ್ಟುಬಿಡ್ತೀನಿ” ಅಂದ. ಅಜ್ಜನ ಹಳೇ ವಹಿಯ ಒಂದು ಹಾಳೆಯ ಫೋಟೋ ವಾಟ್ಸಾಪಿನಲ್ಲಿ ಬಂತು. ಠಾಣೆಯಲ್ಲಿ ಬರೆಸಲೆಂದು ಅಜ್ಜ ಕತ್ತಿಯ ಅಲಗಿನ ಮೇಲಿದ್ದ ನಂಬರನ್ನು ಬರೆದಿಟ್ಟಿದ್ದ, ಕನ್ನಡ ಅಂಕಿಯಲ್ಲಿ: ೬೧೪೩೭.

ಐದು ಅಂಕಿ, ಒಂದು ಊರು. ಡೇಟಾಬೇಸಿನಲ್ಲಿ ಆಗಿದ್ದರೆ ಅರೆ ಸೆಕೆಂಡಿನ ಕೆಲಸ.

ಮೊದಲು ಹೋದದ್ದು ಜುನಾ ಬಾಜಾರಿಗೆ. ಬುಧವಾರ ಮತ್ತು ಭಾನುವಾರ ಮಾತ್ರ ನೆರೆಯುವ ಹಳೇ ಸಾಮಾನಿನ ಸಂತೆ ಅದು. ಭಾನುವಾರ ಕಾಸರವಾಡಿಯಲ್ಲಿ ಮೆಟ್ರೋ ಹತ್ತಿ ಕಸಬಾ ಪೇಠೆಯಲ್ಲಿ ಇಳಿದು ನಡೆದೆ. ದಾರಿಯಲ್ಲಿ ತಾಂಬಟ ಆಳಿ ಸಿಗುತ್ತದೆ. ತಾಮ್ರದ ಹಂಡೆಯ ಮೇಲೆ ಸುತ್ತಿಗೆ ಬೀಳುವ ಸದ್ದು ಓಣಿಯ ತುದಿಗೇ ಕೇಳಿಸುತ್ತದೆ. ಸಂತೆಯಲ್ಲಿ ರಸ್ತೆಯ ಪಕ್ಕ ತಾಡಪತ್ರಿ ಹಾಸಿ ಎಲ್ಲವನ್ನೂ ಹರವಿರುತ್ತಾರೆ. ಸ್ಪ್ಯಾನರು, ಟಿವಿ ರಿಮೋಟು, ರಾಣಿ ಮುದ್ರೆಯ ನಾಣ್ಯ, ಗ್ರಾಮಾಫೋನಿನ ಕಹಳೆ, ಅಡಕತ್ತರಿ, ಮಿಲಿಟರಿ ಬೂಟು. ಮಳೆ ಬಂದರೆ ಐದು ನಿಮಿಷದಲ್ಲಿ ಅಷ್ಟೂ ಮಾಯ, ನಿಂತರೆ ಮತ್ತೆ ಪ್ರತ್ಯಕ್ಷ.

“ಜಪಾನಿ ತಲವಾರ” ಎಂದು ಕೇಳಿದ ಮೂರನೇ ಅಂಗಡಿಯಲ್ಲೇ ಒಂದು ಸಿಕ್ಕಿತು! ಕಪ್ಪು ಒರೆ, ಹಿಡಿಯ ಮೇಲೆ ಡ್ರ್ಯಾಗನ್, ಬೆಲೆ 25 ಸಾವಿರ, “ಓರಿಜಿನಲ್ ಸಮುರಾಯ್ ಸಾಹೇಬ್, ಚಾರಶೇ ವರ್ಷ ಜುನಿ.” ಹೊಸ ಸ್ಟೀಲು ತಳತಳ ಹೊಳೆಯುತ್ತಿತ್ತು. ಗೋಡೆಗೆ ತೂಗುಹಾಕಲು ಮಾಡಿದ ಸರಕು ಎಂದು ನನ್ನಂಥ ಪೆದ್ದನಿಗೂ ತಿಳಿಯಿತು. ನಂಬರ್ ಕೇಳಿದೆ. “ನಂಬರ್ ಪಾಹಿಜೇ ತರ್ ಟಾಕೂನ್ ದೇತೋ” ಅಂದ, ನಂಬರ್ ಬೇಕಿದ್ದರೆ ಹೊಡೆದು ಕೊಡುತ್ತೇನೆ ಎಂದು. ಅವನ ಪ್ರಾಮಾಣಿಕತೆಗೆ ಮೆಚ್ಚಿ ಒಂದು ಅಡಕತ್ತರಿ ಕೊಂಡೆ.

ಎರಡನೇ ವಾರ ಅಲ್ಲಿಂದ ಬಾಜೀರಾವ್ ರಸ್ತೆಯ ರಾಜಾ ದಿನಕರ ಕೇಳಕರ ಮ್ಯೂಸಿಯಮ್ಮಿಗೆ ಹೋದೆ. ಪುಣೆಯಲ್ಲಿದ್ದೂ ಇದನ್ನು ನೋಡದವರು ಒಮ್ಮೆ ನೋಡಿ. ದಿನಕರ ಕೇಳಕರರು ಸಣ್ಣ ವಯಸ್ಸಿನಲ್ಲೇ ತೀರಿಹೋದ ಮಗ ರಾಜಾನ ನೆನಪಿಗೆ ಊರೂರು ತಿರುಗಿ ಕೂಡಿಸಿದ 20 ಸಾವಿರಕ್ಕೂ ಹೆಚ್ಚು ವಸ್ತುಗಳು ಇಲ್ಲಿವೆ. 1975ರಲ್ಲಿ ಅಷ್ಟನ್ನೂ ಸರ್ಕಾರಕ್ಕೆ ಕೊಟ್ಟುಬಿಟ್ಟರು. ದೀಪ, ಬಾಗಿಲು, ವೀಣೆ, ಶಾವಿಗೆ ಒತ್ತುವ ಮಣೆ, ಬಾಚಣಿಗೆ. ಅಡಕತ್ತರಿಗಳ ಮುಂದೆ ನಿಂತು ನನ್ನದನ್ನು ಹೋಲಿಸಿ ನೋಡಿ ಸುಮ್ಮನಾದೆ. ಮಾಮಾ ಕೊಟ್ಟಂಥ ಹಂಡೆಗಳನ್ನು ಇಲ್ಲಿ ನೋಡಿದಾಗ ಮಾತ್ರ ಎದೆಯಲ್ಲಿ ಏನೋ ಚುಚ್ಚಿತು. ಒಬ್ಬರ ಮನೆಯ ಬಡತನವೇ ಇನ್ನೊಬ್ಬರ ಸಂಗ್ರಹವಾಗುತ್ತದೆ. ಕೇಳಕರರಂಥವರ ಕೈಗೆ ಸಿಕ್ಕದ್ದು ಉಳಿಯಿತು, ಉಳಿದದ್ದೆಲ್ಲ ಭಟ್ಟಿಗೆ ಹೋಯಿತು.

ಅದೇ ಆಗಸ್ಟಿನಲ್ಲಿ ಟಿವಿ ತುಂಬಾ ಇನ್ನೊಂದು ಕತ್ತಿಯ ಸುದ್ದಿ. ನಾಗಪುರದ ರಘೂಜಿ ಭೋಸಲೆಯವರ ಖಡ್ಗವನ್ನು ಮಹಾರಾಷ್ಟ್ರ ಸರ್ಕಾರ ಲಂಡನ್ನಿನ ಹರಾಜಿನಲ್ಲಿ ಸುಮಾರು 47 ಲಕ್ಷಕ್ಕೆ ಕೊಂಡು ಮುಂಬಯಿಗೆ ತಂದಿತ್ತು. ಆ ಖಡ್ಗ ‘ಫಿರಂಗಿ’ ಜಾತಿಯದು: ಅಲಗು ಯುರೋಪಿನದು, ಹಿಡಿ ನಮ್ಮದು. ಆ ಕಾಲದಲ್ಲಿ ಪಡುವಣ ಕರಾವಳಿಯ ಬಂದರುಗಳಿಗೆ ಹಡಗಿನಲ್ಲಿ ಬಂದ ಅಲಗುಗಳಿಗೆ ಇಲ್ಲಿಯ ಕಮ್ಮಾರರು ಹಿಡಿ ಕೂಡಿಸುತ್ತಿದ್ದರು. ಟಿಪ್ಪುವಿನ ಶಯನಗೃಹದ ಖಡ್ಗ 2023ರಲ್ಲಿ ಲಂಡನ್ನಿನಲ್ಲೇ 1 ಕೋಟಿ 40 ಲಕ್ಷ ಪೌಂಡಿಗೆ ಹೋಗಿತ್ತು. ಅವ್ವ ಟಿವಿ ನೋಡುತ್ತಾ, “ಸರಕಾರಕ್ಕ ಸಿಗತಾವ ನೋಡು” ಎಂದಷ್ಟೇ ಹೇಳಿ ಚಾನಲ್ ಬದಲಿಸಿದಳಂತೆ, ಅಪ್ಪ ಹೇಳಿದರು. ನಾನು ಹುಡುಕುತ್ತಿರುವುದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಜುನಾ ಬಾಜಾರಿನ ಗಡಿಯಾರ ರಿಪೇರಿಯವರೊಬ್ಬರು ದಾರಿ ತೋರಿಸಿದರು. ಸದಾಶಿವ ಪೇಠೆಯ ಹಳೇ ವಾಡೆಯೊಂದರ ಮೊದಲ ಮಹಡಿ; ಬಾಗಿಲ ಮೇಲೆ ‘1ರಿಂದ 4ರವರೆಗೆ ಬೆಲ್ ಒತ್ತಬಾರದು’ ಎಂಬ ಬೋರ್ಡು. ನಾಲ್ಕು ಗಂಟೆ ಎರಡು ನಿಮಿಷಕ್ಕೆ ಒತ್ತಿದೆ. ಎಂಬತ್ತರ ಹತ್ತಿರದ ಕಾಕಾ ಒಬ್ಬರು, ನಿವೃತ್ತ ಎಂಜಿನಿಯರು, ಐವತ್ತು ವರ್ಷದಿಂದ ಆಯುಧಗಳನ್ನು ಕೂಡಿಸುತ್ತಿರುವವರು. ನಂಬರ್ ನೋಡಿದ್ದೇ, “ಇದು ಸಮುರಾಯ್ ಕತ್ತಿಯಲ್ಲ. ಟೈಪ್ 95. 1935ರಲ್ಲಿ ಬಂದದ್ದು, ಹವಾಲ್ದಾರ ದರ್ಜೆಯವರಿಗೆ ಕೊಡುತ್ತಿದ್ದರು. ಅಲಗಿನ ಮೇಲೆ ನಂಬರ್ ಇರುವುದು ಅದಕ್ಕೇ” ಎಂದರು.

ಬೀರುವಿನಿಂದ ಎರಡು ಕತ್ತಿ ತೆಗೆದರು. ಮೊದಲನೆಯದು ಟೈಪ್ 95. ಹಿಡಿಯ ಮೇಲೆ ದಾರ ಸುತ್ತಿದ ಹಾಗೆ ಕಂಡರೂ ಅದು ಎರಕದ ಲೋಹ, ಮೇಲೆ ಬಣ್ಣ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ಸರಕು. ನಂಬರ್ ನಮ್ಮದಲ್ಲ. ಎರಡನೆಯದು ಅಧಿಕಾರಿಯದು. ಹಿಡಿಯಲ್ಲಿದ್ದ ಸಣ್ಣ ಬಿದಿರು ಮೊಳೆಯನ್ನು ಮೆತ್ತಗೆ ತಟ್ಟಿ ತೆಗೆದಾಗ ಹಿಡಿಯೇ ಕಳಚಿ ಬಂತು. ಒಳಗಿನ ಕಪ್ಪು ತುಕ್ಕಿನ ಬಾಲ ತೋರಿಸಿ, “ಈ ತುಕ್ಕನ್ನು ಎಂದೂ ಉಜ್ಜಬಾರದು, ಕತ್ತಿಯ ವಯಸ್ಸು ಹೇಳುವುದು ಇದೇ. ಕಮ್ಮಾರ ಹೆಸರು ಕೊರೆಯುವುದೂ ಇಲ್ಲೇ” ಎಂದರು. ಮಿಲಿಟರಿ ಹಿಡಿಯೊಳಗೆ ಯಾವುದೋ ಮನೆತನದ ಹಳೇ ಅಲಗು. ಬಾಯಿಯ ಉದ್ದಕ್ಕೂ ಮಂಜಿನಂಥ ಬಿಳಿ ಅಲೆ ಇತ್ತು. ಕಾಯಿಸುವ ಮುಂಚೆ ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳ್ಳಗೆ ಜೇಡಿಮಣ್ಣು ಮೆತ್ತಿ ನೀರಿಗೆ ಅದ್ದುತ್ತಾರಂತೆ. ತೆಳುವಿದ್ದಲ್ಲಿ ಬೇಗ ಆರಿ ಗಟ್ಟಿಯಾಗುತ್ತದೆ, ದಪ್ಪವಿದ್ದಲ್ಲಿ ಮೆತ್ತಗೆ ಉಳಿಯುತ್ತದೆ. ಹರಿತವೂ ಆಯಿತು, ಮುರಿಯುವುದೂ ಇಲ್ಲ.

ನಾನು ಬಾಯಿ ಬಿಟ್ಟು ನೋಡುತ್ತಿದ್ದುದನ್ನು ಕಂಡು ಕಾಕಾ ನಕ್ಕರು. “ಜಪಾನಿನದನ್ನೇ ಯಾಕೆ ಹೊಗಳುತ್ತೀರಿ? ವೂಟ್ಝ್ ನಿಮ್ಮ ಕನ್ನಡದ ಶಬ್ದವಲ್ಲವೇ?” ನಾಚಿಕೆಯಾಯಿತು. ನಮ್ಮ ‘ಉಕ್ಕು’ ಇಂಗ್ಲಿಷರ ಬರವಣಿಗೆಯಲ್ಲಿ ವೂಟ್ಝ್ ಆದದ್ದು ಎನ್ನುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಉಕ್ಕಿನ ಮೇಲೆ ಪ್ರಬಂಧ ಬರೆದ. ಆಮೇಲೆ ವಿದ್ಯುತ್ತಿನ ಮೈಕೇಲ್ ಫ್ಯಾರಡೆ ಕೂಡ ಇದರ ಗುಟ್ಟು ಬಿಡಿಸಲು ತಲೆ ಕೆಡಿಸಿಕೊಂಡ. ಟಿಪ್ಪು ಬಿದ್ದ ಮರುವರ್ಷ ಮೈಸೂರು ಸೀಮೆ ಸುತ್ತಿದ ಬುಕಾನನ್, ಮಾಗಡಿ ಹತ್ತಿರದ ಘಟ್ಟಿಪುರದಲ್ಲಿ ಮೂಸೆಯಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟಿದ್ದಾನೆ. ಇದನ್ನೆಲ್ಲ ನನಗೆ ಮರಾಠಿಯಲ್ಲಿ ಹೇಳಲು ಸದಾಶಿವ ಪೇಠೆಯ ಕಾಕಾ ಬೇಕಾಯಿತು.

ಹೊರಡುವಾಗ ನನ್ನ ಕಥೆ ಪೂರ್ತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಕಾ ಹೇಳಿದರು, “ನಿಮ್ಮ ಕತ್ತಿ ಸಿಗುವುದಿಲ್ಲ. ಆ ಕಾಲದಲ್ಲಿ ಹೋದದ್ದು ಮುಂಬಯಿಗೆ, ಅಲ್ಲಿಂದ ಸಿನಿಮಾದವರಿಗೋ ಹೊರದೇಶಕ್ಕೋ ಹೋಗಿರುತ್ತದೆ. ಬೇಕಿದ್ದರೆ ಈ ಟೈಪ್ 95 ತೆಗೆದುಕೊಳ್ಳಿ. ಕಾಗದಪತ್ರ ಸರಿಯಾಗಿ ಮಾಡಿಕೊಡುತ್ತೇನೆ. ನೋಡಲು ಒಂದೇ ತರಹ. ನಿಮ್ಮ ತಾಯಿ ನಂಬರ್ ನೋಡುತ್ತಾರೆಯೇ?”

ಆ ರಾತ್ರಿ ನಿದ್ದೆ ಬರಲಿಲ್ಲ. ಅವ್ವನಿಗೆ ನಂಬರ್ ಗೊತ್ತಿಲ್ಲ. ವಹಿಯ ಹಾಳೆ ಇರುವುದು ಮಾಮಾನ ಹತ್ತಿರ. ಅವನು ಒಪ್ಪಿಕೊಂಡರೆ ಮುಗಿಯಿತು. ಮೂವತ್ತೊಂದು ವರ್ಷದ ಮೌನ ಒಂದು ಸುಳ್ಳಿನಿಂದ ಹೋಗುವುದಾದರೆ ತಪ್ಪೇನು? ನಾನು ಕೊಳ್ಳುವುದೆಂದೇ ತೀರ್ಮಾನಿಸಿದ್ದೆ.

ಮರುವಾರ ಟೋಕಿಯೋ ಆಫೀಸಿನಿಂದ ಸಹೋದ್ಯೋಗಿಯೊಬ್ಬರು ಬಂದಿದ್ದರು. 2018ರಿಂದ ಪರಿಚಯ, ನನಗಿಂತ ಹತ್ತು ವರ್ಷ ದೊಡ್ಡವರು. ಶನಿವಾರ ಅವರನ್ನು ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನಕ್ಕೆ ಕರೆದುಕೊಂಡು ಹೋದೆ. ಅದರ ಇನ್ನೊಂದು ಹೆಸರು ಪುಣೆ-ಒಕಾಯಾಮಾ ಸ್ನೇಹ ಉದ್ಯಾನ. ಒಕಾಯಾಮಾದ ಕೊರಾಕುಎನ್ ಎಂಬ ತೋಟದ ಮಾದರಿಯಲ್ಲಿ ಕಟ್ಟಿದ್ದು. ಅಲ್ಲಿಯ ಪಾಳೇಗಾರರು 1687ರಲ್ಲಿ ಶುರುಮಾಡಿ 1700ರಲ್ಲಿ ಮುಗಿಸಿದ ತೋಟ ಅದು. ಸಣ್ಣ ಗುಡ್ಡ, ಕೊಳ, ಕೆಂಪು ಮೀನು, ಬಾಗಿದ ಸೇತುವೆ. ಸೆಲ್ಫಿ ತೆಗೆಯುವ ಕಾಲೇಜು ಹುಡುಗರನ್ನು ಬಿಟ್ಟರೆ ನಿಶ್ಶಬ್ದ.

ಒಕಾಯಾಮಾ ಎಂದ ಕೂಡಲೇ ಅವರು ಕತ್ತಿಯ ಮಾತು ತೆಗೆದರು! ಆ ಸೀಮೆಯ ಹಳೇ ಹೆಸರು ಬಿಝೆನ್; ಅಲ್ಲಿಯ ಒಸಾಫುನೆ ಎಂಬ ಊರು ಶತಮಾನಗಟ್ಟಲೆ ಜಪಾನಿಗೆ ಕತ್ತಿ ಮಾಡಿಕೊಟ್ಟ ಕಮ್ಮಾರರ ಊರು. 2020ರಲ್ಲಿ ಅಲ್ಲಿಯ ಸೆತೌಚಿ ನಗರದವರು ಜನರಿಂದ ಚಂದಾ ಎತ್ತಿ, 50 ಕೋಟಿ ಯೆನ್ ಕೊಟ್ಟು, ತಮ್ಮೂರಲ್ಲಿ ಹುಟ್ಟಿದ ಒಂದು ಹಳೇ ಕತ್ತಿಯನ್ನು ವಾಪಸು ಕೊಂಡುಕೊಂಡರಂತೆ. ನನಗೆ ಹೊಳೆದದ್ದು ಬೇರೆ: 1946ರಲ್ಲಿ ಅಜ್ಜನ ಬ್ರಿಗೇಡು ಇದ್ದ ಡಿವಿಜನ್ನಿನ ಮುಖ್ಯ ಕಚೇರಿ ಇದ್ದದ್ದು ಅದೇ ಒಕಾಯಾಮಾದಲ್ಲಿ.

ಅಜ್ಜನ ಕಥೆ ಹೇಳಿಬಿಟ್ಟೆ. ಹೇಳುತ್ತಾ ಹೇಳುತ್ತಾ ಹಿಂಜರಿಕೆಯೂ ಆಯಿತು. ಎಷ್ಟಾದರೂ ಅದು ಅವರ ದೇಶದಿಂದ ಬಂದ ಕತ್ತಿ. “ಸಿಕ್ಕರೆ ನಿಮ್ಮ ದೇಶಕ್ಕೆ ವಾಪಸು ಕೊಡಬೇಕೇನೋ” ಎಂದೆ. ಅವರು ತಲೆ ಅಲ್ಲಾಡಿಸಿದರು. ಜಪಾನಿನಲ್ಲಿ ಪ್ರತಿ ಕತ್ತಿಗೂ ನೋಂದಣಿ ಪತ್ರ ಬೇಕು. ಕೈಯಿಂದ ಬಡಿದು ಮಾಡಿದ ಕತ್ತಿಗಷ್ಟೇ ಅದು ಸಿಗುತ್ತದೆ. ಕಾರ್ಖಾನೆಯ ಮಿಲಿಟರಿ ಕತ್ತಿಯನ್ನು ಕಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬರೀ ಆಯುಧ. “ವಾಪಸು ಬಂದರೆ ಕತ್ತರಿಸಿ ಹಾಕುತ್ತಾರೆ. ಅದನ್ನು ಪೂಜೆ ಮಾಡಿದ ಮನೆ ಪ್ರಪಂಚದಲ್ಲಿ ನಿಮ್ಮದೊಂದೇ ಇರಬೇಕು.”

ಆಮೇಲೆ ಕೊಳದ ಕಡೆ ನೋಡುತ್ತಾ ತಮ್ಮ ಅಜ್ಜಿಯ ಅಣ್ಣನ ವಿಷಯ ಹೇಳಿದರು. 1944ರಲ್ಲಿ ಇಂಫಾಲದ ಕಡೆ ಹೋದವನು ತಿರುಗಿ ಬರಲಿಲ್ಲ. ಮನೆಗೆ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಅಸ್ಥಿಯ ಬದಲು ಹೆಸರು ಬರೆದ ಒಂದು ಕಾಗದ. ಅಜ್ಜಿಗೆ ಯಾರೋ ಬೇರೆಯವರ ಅಸ್ಥಿ ತಂದುಕೊಡಲು ಹೊರಟಿದ್ದರಂತೆ, ಸಮಾಧಾನಕ್ಕೆ. ಅಜ್ಜಿ ಬೇಡ ಎಂದಳಂತೆ. ಕಾಗದವೇ ಸಾಕು, ಅದರಲ್ಲಿರುವ ಹೆಸರು ನಿಜ ಎಂದು.

ನಾನು ಯಾರೋ ಬೇರೆಯವರ ಕತ್ತಿ ಕೊಳ್ಳಲು ಹೊರಟಿದ್ದೇನೆ ಎಂದು ಅವರಿಗೆ ಹೇಳಿರಲಿಲ್ಲ. ಮನೆಗೆ ಬಂದು ಕಾಕಾಗೆ ಫೋನ್ ಮಾಡಿ ಬೇಡವೆಂದೆ. “ಗೊತ್ತಿತ್ತು” ಎಂದರು, ಮಾರಾಟ ತಪ್ಪಿದ್ದಕ್ಕೆ ಖುಷಿಯಾದವರ ಹಾಗೆ. ಆಮೇಲೆ ಅವ್ವನಿಗೆ ಫೋನ್ ಮಾಡಿ ಜೂನ್‌ನಿಂದ ನಡೆದದ್ದನ್ನೆಲ್ಲ ಹೇಳಿದೆ, ಸುಳ್ಳು ಹೇಳಲಿದ್ದದ್ದನ್ನೂ ಸೇರಿಸಿ. ಆ ಕಡೆ ಬಹಳ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ.

“ಅಣ್ಣ ತಾನ ಫೋನ್ ಮಾಡಿ ಹುಡುಕಾಕ ಹೇಳಿದ್ನೇನು?”

“ಹೂಂ ಅವ್ವಾ.”

“ಆಪರೇಷನ್ ಆಗಿ ಎಷ್ಟು ದಿನಕ್ಕ?”

“ಹದಿನೈದು ದಿನಕ್ಕ.”

“ಕತ್ತಿ ಮಾರಿದ್ದಕ್ಕ ನಾ ಸಿಟ್ಟಾಗಿದ್ದಿಲ್ಲೋ. ಒಂದು ಮಾತು ಕೇಳಿದ್ರ ನಾನ ಮಾರು ಅಂತಿದ್ದೆ. ಬೋರಿನ ನೀರು ನಮ್ಮಪ್ಪನ ಹೊಲಕ್ಕ ಅಲ್ಲೇನು?”

ಈ ಖಂಡೇನವಮಿ ಅಕ್ಟೋಬರ್ 1ಕ್ಕೆ ಬಂತು. ಪುಣೆಯಿಂದ ರಾತ್ರಿ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿ, ಅವ್ವನನ್ನು ಕರೆದುಕೊಂಡು ಬೈಲಹೊಂಗಲದ ದಾರಿ ಹಿಡಿದೆ. ಮಾಮಾ ಕಟ್ಟೆಯ ಮೇಲೆ ಕೂತಿದ್ದ, ಅರ್ಧಕ್ಕರ್ಧ ಇಳಿದುಹೋಗಿದ್ದ. ಅವ್ವ ಹೋಗಿ ಪಕ್ಕಕ್ಕೆ ಕೂತು, “ಗುಳಿಗಿ ಹೊತ್ತಿಗೆ ಸರಿಯಾಗಿ ತಗೋತಿಯೋ ಇಲ್ಲೋ?” ಅಂದಳು. ನಾನು ನಿರೀಕ್ಷಿಸಿದ ಹಾಗೆ ಅಳು ಗಿಳು ಏನೂ ಆಗಲಿಲ್ಲ. ಮಾಮಾ ಗುಳಿಗೆಗಳ ಚೀಟಿ ತೋರಿಸಿದ, ಅವ್ವ ಕನ್ನಡಕ ಹಾಕಿಕೊಂಡು ಓದಿದಳು.

ಸಂಜೆ ಪೂಜೆಗೆ ಕುಡ, ಕುಡಗೋಲು, ಟ್ರ್ಯಾಕ್ಟರಿನ ಕೀಲಿ ಇಟ್ಟರು. ಕತ್ತಿಯ ಜಾಗದಲ್ಲಿ ಮಾಮಾ ಅಜ್ಜನ ವಹಿಯ ಆ ಹಾಳೆ ಇಟ್ಟ. ಅವ್ವ ಅದಕ್ಕೆ ಕುಂಕುಮ ಹಚ್ಚಿದಳು, ಅಂಕಿಗಳ ಮೇಲೆ ಬೀಳದ ಹಾಗೆ ನೋಡಿ. ಆಮೇಲೆ ತಾಟು ಹಿಡಿದುಕೊಂಡು ಹೊಲಕ್ಕೆ ಹೋಗಿ, ಬೋರಿನ ಸ್ಟಾರ್ಟರ್ ಡಬ್ಬಿಗೆ ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದಳು. ಬೋರಿನಲ್ಲಿ ಇನ್ನೂ ನೀರಿದೆ.

ಪುಣೆಗೆ ಬರುವ ಓದುಗರಿಗೆ ಒಂದೆರಡು ಮಾತು. ಜುನಾ ಬಾಜಾರಿಗೆ ಭಾನುವಾರ ಬೆಳಿಗ್ಗೆಯೇ ಹೋಗಿ, ಚಿಲ್ಲರೆ ಇಟ್ಟುಕೊಳ್ಳಿ, ಹೇಳಿದ ಬೆಲೆಯ ಮೂರನೇ ಒಂದು ಭಾಗದಿಂದ ಚೌಕಾಶಿ ಶುರುಮಾಡಿ. ನಿಜವಾದ ಹಳೇ ಆಯುಧ ಸಿಕ್ಕರೆ ಕಾಗದಪತ್ರ ಕೇಳಿ. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯಿದೆ ಇದೆ, ಅವನ್ನು ದೇಶದಾಚೆ ಒಯ್ಯುವಂತಿಲ್ಲ. ಕೇಳಕರ ಮ್ಯೂಸಿಯಮ್ಮಿಗೆ ಅರ್ಧ ದಿನ ಇಟ್ಟುಕೊಳ್ಳಿ. ಮತ್ತು ಎಲ್ಲಾದರೂ, ಯಾವ ದೇಶದಲ್ಲಾದರೂ, ಲೋಹದ ಹಿಡಿಯ ಒಂದು ಜಪಾನೀ ಮಿಲಿಟರಿ ಕತ್ತಿ ಕಣ್ಣಿಗೆ ಬಿದ್ದರೆ, ಅಲಗಿನ ಬುಡದಲ್ಲಿ ಒಮ್ಮೆ ನೋಡಿ. 61437. ಕೊಳ್ಳಬೇಕಿಲ್ಲ, ಎಲ್ಲಿದೆ ಎಂದು ಪತ್ರಿಕೆಗೆ ಒಂದು ಸಾಲು ಬರೆದರೆ ಸಾಕು, ಅವ್ವನಿಗೆ ಹೇಳುತ್ತೇನೆ.